ಗಾಲೆಯ ಕಡಲು, ಬಾವಾ ಕಟ್ಟಿದ ಮೆಟ್ಟಿಲು

ಕಡಲ ದಂಡೆಯ ಹೋಟೆಲ್‌ಗೆ ಹೋದರೆ ಗೇಟು ದಾಟಿದ ಕೂಡಲೇ ಕಡಲು ಕಾಣಬೇಕು ಎಂದು ಎಲ್ಲರೂ ಬಯಸುತ್ತೇವೆ. ಶ್ರೀಲಂಕಾದ ಗಾಲೆ ಪಟ್ಟಣದ ಹೊರಗೆ, ದಡೆಲ್ಲದಲ್ಲಿರುವ ಜೆಟ್‌ವಿಂಗ್ ಲೈಟ್‌ಹೌಸ್ ಹೋಟೆಲ್ ಕಡಲನ್ನು ಅಷ್ಟು ಸುಲಭಕ್ಕೆ ಕೊಡುವುದಿಲ್ಲ. ಕೊಲಂಬೊ ರಸ್ತೆಯಿಂದ ತಿರುಗಿ ಕಾರು ನಿಂತಾಗ ಎದುರಿಗಿದ್ದದ್ದು ದಪ್ಪ ಗೋಡೆ, ತಗ್ಗಿನ ಸೂರು, ಅರೆಗತ್ತಲು. ‘ಆಯುಬೋವನ್’ ಎಂದು ಕೈ ಮುಗಿದು ಬರಮಾಡಿಕೊಂಡ ಹುಡುಗ ನಮ್ಮ ಚೀಲ ಎತ್ತಿಕೊಂಡು, “ಮೇಲೆ ಬನ್ನಿ ಸರ್” ಎಂದ. ಗೋಡೆಯ ಆಚೆ ತೆರೆ ಬಂಡೆಗೆ ಅಪ್ಪಳಿಸುವ ಸದ್ದು ಮಾತ್ರ ಕೇಳುತ್ತಿತ್ತು. ಹಾದಿ ಇದ್ದದ್ದು ಒಂದೇ: ದುಂಡನೆಯ ಗೋಪುರದೊಳಗೆ ಸುತ್ತಿ ಸುತ್ತಿ ಮೇಲೇರುವ ಮೆಟ್ಟಿಲು.

ಆ ಮೆಟ್ಟಿಲಿನ ಮೇಲೆ ಯುದ್ಧ ನಡೆಯುತ್ತಿದೆ. ಇದು ಉತ್ಪ್ರೇಕ್ಷೆಯಲ್ಲ. ರೇಲಿಂಗ್ ಇರಬೇಕಾದ ಕಡೆಯಲ್ಲೆಲ್ಲ ತಾಮ್ರ, ಹಿತ್ತಾಳೆಗಳ ಯೋಧರು ನಿಂತಿದ್ದಾರೆ. ಈಟಿ ಹಿಡಿದವರು, ಕತ್ತಿ ಬೀಸುವವರು, ಕೆಳಗುರುಳುತ್ತಿರುವವರು. ಕೈ ಊರಿ ಹತ್ತಲು ಹೋದರೆ ಯಾರದೋ ಭುಜವೋ ಈಟಿಯ ಹಿಡಿಕೆಯೋ ಅಂಗೈಗೆ ಸಿಗುತ್ತದೆ. ಬೆಳಕು ಮೇಲಿನಿಂದ ಬೀಳುವುದರಿಂದ ಪ್ರತಿಯೊಬ್ಬನಿಗೂ ಒಂದು ನೆರಳು. ಆ ನೆರಳುಗಳೂ ಗೋಡೆಯ ಮೇಲೆ ಕಾದಾಡುತ್ತಿವೆ. ನಾನು ಅರ್ಧ ಹತ್ತಿ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವರೂ ನಿಂತರು. ಯಾರೂ ಅವಸರ ಮಾಡಲಿಲ್ಲ.

ಈ ಯೋಧರನ್ನು ಮಾಡಿದವರು ಲಕಿ ಸೇನಾನಾಯಕೆ, ಹೋಟೆಲ್ ಕಟ್ಟಿದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಬಹುಕಾಲದ ಒಡನಾಡಿ ಕಲಾವಿದ. ಕಾಳಗ 1630ರ ರಂದೇನಿವೆಲದ್ದು. ಕ್ಯಾಂಡಿ ರಾಜ್ಯದ ಸೇನೆ ಪೋರ್ಚುಗೀಸರ ದಂಡನ್ನು ಮುತ್ತಿ ಅವರ ಕ್ಯಾಪ್ಟನ್ ಜನರಲ್ ಕಾನ್‌ಸ್ಟಂಟಿನೊ ಡಿ ಸಾನನ್ನೇ ಕೊಂದ ಯುದ್ಧ. ಪೋರ್ಚುಗೀಸರ ಪರ ಹೋರಾಡಲು ಬಂದಿದ್ದ ಸ್ಥಳೀಯ ಲಾಸ್ಕರಿನ್ ಸೈನಿಕರು ನಡುವೆ ಪಕ್ಷ ಬದಲಿಸಿದ್ದೇ ಅವರ ಸೋಲಿಗೆ ಕಾರಣ. ಅತಿಥಿಯನ್ನು ತಂಪು ಪಾನೀಯ, ಹೂವಿನ ಹಾರಗಳಿಂದ ಸ್ವಾಗತಿಸುವುದು ಐಷಾರಾಮಿ ಹೋಟೆಲುಗಳ ರೂಢಿ. ಇಲ್ಲಿ ಅವುಗಳಿಗೂ ಮೊದಲು, ಈ ದ್ವೀಪ ಯಾರ ಯಾರ ಜೊತೆ ಬಡಿದಾಡಿದೆ ಎಂಬುದನ್ನು ಅತಿಥಿ ಒಂದೊಂದು ಮೆಟ್ಟಿಲಾಗಿ ಹತ್ತಿ ತಿಳಿಯಬೇಕು. ಒಬ್ಬ ವಾಸ್ತುಶಿಲ್ಪಿಗೆ ಇಂಥದ್ದು ಹೊಳೆದದ್ದು, ಹೋಟೆಲ್ ಮಾಲೀಕರು ಅದಕ್ಕೆ ಒಪ್ಪಿದ್ದು, ಎರಡೂ ನನಗೆ ಸೋಜಿಗವೇ.

ಕೊನೆಯ ಮೆಟ್ಟಿಲು ಏರಿದ ಮೇಲೆ ಸಿಕ್ಕಿತು ಕಡಲು. ಉದ್ದನೆಯ ತೆರೆದ ಜಗಲಿ, ಅದರ ಅಂಚಿಗೆ ಬಂಡೆಗಳು, ಬಂಡೆಯಾಚೆ ಹಿಂದೂ ಮಹಾಸಾಗರ. ಅದು ಆಗಸ್ಟ್, ನೈಋತ್ಯ ಮುಂಗಾರು ಇನ್ನೂ ಬಿಟ್ಟಿರಲಿಲ್ಲ. ತೆರೆ ಮೇಲೆದ್ದು, ಒಂದು ಕ್ಷಣ ಹಸಿರು ಗಾಜಾಗಿ ನಿಂತು, ಕರಿ ಬಂಡೆಯ ಮೇಲೆ ಒಡೆದು ಬಿಳಿಯಾಗಿ ಚೆಲ್ಲುತ್ತಿತ್ತು. ಗಾಳಿಯಲ್ಲಿ ಉಪ್ಪಿನ ತುಂತುರು. ಇಲ್ಲಿಂದ ನೇರ ದಕ್ಷಿಣಕ್ಕೆ ಹೊರಟರೆ ಅಂಟಾರ್ಕ್ಟಿಕಾದ ತನಕ ನೆಲವಿಲ್ಲ. ಅಷ್ಟು ದೂರ ತಡೆಯಿಲ್ಲದೆ ಬಂದ ನೀರಿಗೆ ಮೊದಲು ಎದುರಾಗುವುದು ಈ ಬಂಡೆ. ಹೀಗಾಗಿ ಇದು ಈಜುವ ಕಡಲಲ್ಲ, ನೋಡುವ ಕಡಲು. ಈಜುವವರಿಗೆ ಕೊಳವಿದೆ.

ಬಾವಾ ಅವರ ಬದುಕೇ ಒಂದು ಕಥೆ. 1919ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಕಾನೂನು ಓದಿ, ಕೊಲಂಬೊದಲ್ಲಿ ವಕೀಲಿ ಮಾಡಿ, ಅದರಲ್ಲಿ ಮನಸ್ಸು ನಿಲ್ಲದೆ 1948ರಲ್ಲಿ ಬೆಂತೋಟದ ಹತ್ತಿರ ಪಾಳುಬಿದ್ದಿದ್ದ ರಬ್ಬರ್ ತೋಟವೊಂದನ್ನು ಕೊಂಡರು. ಅದೇ ಲುನುಗಂಗ. ತೋಟ ತಿದ್ದಲು ಹೊರಟಾಗ ತನಗೆ ಕಟ್ಟುವ ವಿದ್ಯೆ ಗೊತ್ತಿಲ್ಲ ಎಂದು ಅರಿವಾಗಿ, ಲಂಡನ್ನಿಗೆ ಮರಳಿ ಕಲಿತು, ವಾಸ್ತುಶಿಲ್ಪಿಯಾಗುವ ಹೊತ್ತಿಗೆ ವಯಸ್ಸು ಮೂವತ್ತೆಂಟು. ಆಮೇಲೆ ಕಟ್ಟಿದ್ದು ಬೆಂತೋಟ ಬೀಚ್ ಹೋಟೆಲ್, ಕೋಟ್ಟೆಯ ನಡುನೀರಿನ ಸಂಸತ್ ಭವನ, ಬೆಟ್ಟಕ್ಕೆ ಒರಗಿ ಕಾಡಿನಲ್ಲಿ ಮುಚ್ಚಿಹೋದ ಕಂದಲಾಮ ಹೋಟೆಲ್. ಲೈಟ್‌ಹೌಸ್ ಮುಗಿದದ್ದು 1997ರಲ್ಲಿ. ಮರುವರ್ಷವೇ ಅವರಿಗೆ ಪಾರ್ಶ್ವವಾಯು ಹೊಡೆಯಿತು, 2003ರಲ್ಲಿ ತೀರಿಕೊಂಡರು. ಮಳೆ, ನೆರಳು, ಗಾಳಿ, ಅಂಗಳ ಇವುಗಳನ್ನು ಬಿಟ್ಟು ಅವರು ಏನನ್ನೂ ಕಟ್ಟಲಿಲ್ಲ. ಹೆಂಚಿನ ಇಳಿಮಾಡು, ಜಗಲಿ, ಒಳಾಂಗಳದ ಮನೆಗಳಲ್ಲಿ ಬೆಳೆದ ನಮ್ಮ ಕರಾವಳಿ ಮಲೆನಾಡಿನವರಿಗೆ ಅವರ ಕಟ್ಟಡದೊಳಗೆ ಪರಿಚಯ ಕೇಳಬೇಕಾಗಿಲ್ಲ. ಕಾಲಿಟ್ಟರೆ ಮೈ ತಾನಾಗಿ ಗುರುತು ಹಿಡಿಯುತ್ತದೆ.

ರೂಮಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೆತ್ತನೆ ಹಾಸಿಗೆ, ನುಣುಪಾದ ಮರದ ನೆಲ ಎಲ್ಲ ದೊಡ್ಡ ಹೋಟೆಲಿನಲ್ಲೂ ಇರುತ್ತವೆ. ಊಟದ ಬಗ್ಗೆ ಹೇಳಲೇಬೇಕು. ಬೆಳಗಿನ ತಿಂಡಿಗೆ ಸಾಲಾಗಿ ಪುಟ್ಟ ಬಾಣಲೆಗಳು, ಒಂದೊಂದರಲ್ಲೂ ಆಪ್ಪದ ಹಿಟ್ಟು. ಅಡುಗೆಯವರು ಬಾಣಲೆಯನ್ನು ಒಂದು ಸುತ್ತು ತಿರುಗಿಸಿ ಮುಚ್ಚಿಟ್ಟರೆ ಅಂಚು ಗರಿಗರಿ, ನಡು ಮೆತ್ತಗೆ. ಅದರೊಂದಿಗೆ ಕೆಂಪು ಮೆಣಸು, ತೆಂಗಿನತುರಿ, ನಿಂಬೆರಸ ಕಲಸಿದ ಪೊಲ್ ಸಂಬೋಲ. ಪಕ್ಕದಲ್ಲಿ ಒತ್ತು ಶ್ಯಾವಿಗೆ. ಮಧ್ಯಾಹ್ನ ಅಂಬುಲ್ ತಿಯಲ್ ಎಂಬ ಹುಳಿ ಮೀನು. ಅದರ ಕಪ್ಪು ಹುಳಿ ಗೊರಕ, ನಮ್ಮ ಉಪ್ಪಾಗೆಯ ಬಳಗದ್ದೇ. ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಎಮ್ಮೆ ಮೊಸರು, ಅದರ ಮೇಲೆ ಕಿತುಲ್ ಪಾಕ. ಕಿತುಲ್ ಅಂದರೆ ನಮ್ಮ ಕಾಡಿನ ಬೈನೆ ಮರ. ಅದರ ಹೂಗೊಂಚಲು ಕೊಯ್ದು ಇಳಿಸಿದ ನೀರಾವನ್ನು ಕಾಯಿಸಿ ಕಾಯಿಸಿ ಪಾಕ ಮಾಡುತ್ತಾರೆ. ಚಮಚ ಇಳಿಸಿದರೆ ಮೊಸರು ಸೀಳಿಕೊಂಡು ಪಾಕ ಒಳಗೆ ಹರಿಯುತ್ತದೆ. ಬಾಯಲ್ಲಿ ಮೊದಲು ಹೊಗೆಯ ವಾಸನೆ, ಆಮೇಲೆ ಸಿಹಿ, ಕೊನೆಗೆ ಎಮ್ಮೆ ಮೊಸರಿನ ಹುಳಿ. ನಮ್ಮ ಮಲೆನಾಡಿನಲ್ಲಿ ಬೈನೆ ಮರಗಳಿಗೇನೂ ಕೊರತೆಯಿಲ್ಲವಲ್ಲ ಎಂದುಕೊಳ್ಳುತ್ತ ಎರಡನೆಯ ಕುಡಿಕೆಗೆ ಕೈ ಚಾಚಿದೆ.

ಹೋಟೆಲಿನಿಂದ ಗಾಲೆ ಕೋಟೆ ಆಟೋದಲ್ಲಿ ಹತ್ತು ನಿಮಿಷ. ಮೆಟ್ಟಿಲ ಮೇಲಿನ ಕಥೆ ಅಲ್ಲಿ ಮುಂದುವರಿಯುತ್ತದೆ. ರಂದೇನಿವೆಲದಲ್ಲಿ ಗೆದ್ದ ಕ್ಯಾಂಡಿಯ ರಾಜಕುಮಾರ ಮುಂದೆ ಎರಡನೇ ರಾಜಸಿಂಹನಾಗಿ ಪಟ್ಟವೇರಿದ. ಪೋರ್ಚುಗೀಸರನ್ನು ಕಡಲಿಗೆ ನೂಕಲು 1638ರಲ್ಲಿ ಡಚ್ಚರೊಂದಿಗೆ ಒಪ್ಪಂದ ಮಾಡಿಕೊಂಡ. 1640ರಲ್ಲಿ ಡಚ್ಚರು ಗಾಲೆಯನ್ನು ಗೆದ್ದರು. ಗೆದ್ದವರು ಅದನ್ನು ರಾಜನಿಗೆ ಕೊಡದೆ ತಾವೇ ಕೂತರು. ಶುಂಠಿ ಕೊಟ್ಟು ಮೆಣಸಿನಕಾಯಿ ಕೊಂಡ ಹಾಗೆ ಎಂದು ಸಿಂಹಳದ ಜನ ಇಂದಿಗೂ ಆಡುವ ಗಾದೆ ಈ ವಿನಿಮಯದ್ದು. ಮಂಗಳೂರಿನಲ್ಲಿ ಕೋಟೆ ಕಟ್ಟಿಕೊಂಡು, ಉಳ್ಳಾಲದ ರಾಣಿ ಅಬ್ಬಕ್ಕನ ಕೈಯಲ್ಲಿ ಪೆಟ್ಟು ತಿಂದವರು ಇದೇ ಪೋರ್ಚುಗೀಸರು. ನಮಗೆ ಅವರ ಹಡಗುಗಳು ಪಡುವಣ ಕಡಲಿನವು ಎಂದಷ್ಟೇ ಅನ್ನಿಸುತ್ತದೆ. ಗಾಲೆಯಲ್ಲಿ ನಿಂತರೆ ಆ ಹಡಗುಗಳ ದಾರಿ ಇನ್ನೂ ಮುಂದಕ್ಕೆ, ಮಲಾಕ್ಕದ ಕಡೆಗೆ ಹೋಗುವುದು ಮನಸ್ಸಿಗೆ ಬರುತ್ತದೆ.

ಕೋಟೆಯ ಹಳೆಯ ಬಾಗಿಲಿನ ಹೊರಮುಖದಲ್ಲಿ ಬ್ರಿಟಿಷರ ಲಾಂಛನವಿದೆ. ಒಳಗೆ ಹೋಗಿ ತಿರುಗಿ ನೋಡಿದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮೂರು ಅಕ್ಷರ ಹೆಣೆದ ಮುದ್ರೆ, ಎರಡೂ ಬದಿಗೆ ಸಿಂಹ, ನೆತ್ತಿಯ ಮೇಲೆ ಒಂದು ಹುಂಜ, ಕೆಳಗೆ 1669. ಕಲ್ಲಿಗೆ ಪಾಚಿ ಹತ್ತಿದೆ. ಹುಂಜ ಮಾತ್ರ ಈಗ ಕೂಗುವಂತಿದೆ. ಡಚ್ಚರನ್ನು ಓಡಿಸಿ 1796ರಲ್ಲಿ ಬಂದ ಬ್ರಿಟಿಷರು ಈ ಕೆತ್ತನೆಯನ್ನು ಒಡೆಯಲಿಲ್ಲ. ಹೊರಗಡೆ ತಮ್ಮದನ್ನು ಕೂರಿಸಿದರು.

ಕೋಟೆ ಗೋಡೆಯ ಮೇಲೆ ನಡೆದಾಡುವುದು ಗಾಲೆಯ ಜನರ ಸಂಜೆಯ ಅಭ್ಯಾಸ. ಹದಿನಾಲ್ಕು ಕೊತ್ತಲಗಳಿವೆ, ಸೂರ್ಯ, ಚಂದ್ರ, ನಕ್ಷತ್ರ, ನೆಪ್ಚೂನ್, ಟ್ರೈಟನ್ ಎಂದು ಹೆಸರುಗಳು. ಶಾಲೆಯ ಬಿಳಿ ಸಮವಸ್ತ್ರದ ಹುಡುಗಿಯರು ಛತ್ರಿ ಬಿಡಿಸಿಕೊಂಡು ಕೂತಿದ್ದರು. ಒಂದು ಕಡೆ ಗೋಡೆಗೆ ಮುಖ ಹತ್ತಿರ ತಂದು ನೋಡಿದೆ. ಗ್ರಾನೈಟಿನ ನಡುವೆ ಬೂದುಬಿಳಿ ಕಲ್ಲು, ಅದರ ತುಂಬ ಕಿರುಬೆರಳ ತುದಿಯಷ್ಟು ಅಗಲದ ನಕ್ಷತ್ರಗಳು. ಹವಳ! ಕಡಲನ್ನು ತಡೆಯುವ ಗೋಡೆಗೆ ಕಡಲಿನದೇ ಕಲ್ಲು. ಬೆರಳಾಡಿಸಿದರೆ ನಕ್ಷತ್ರದ ಒಂದೊಂದು ಗೀರೂ ತಾಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಜೀವವಿತ್ತು.

ಆ ಗೋಡೆಗೆ 2004ರ ಡಿಸೆಂಬರ್ 26ರಂದು ಪರೀಕ್ಷೆ ಬಂತು. ಸುನಾಮಿಯ ನೀರು ಕೋಟೆಯ ಸುತ್ತ ಹಾದು ಹೊಸ ಊರಿಗೆ ನುಗ್ಗಿತು. ಬಸ್ ನಿಲ್ದಾಣದಲ್ಲಿ ಬಸ್ಸುಗಳೇ ತೇಲಿದವು. ಕೋಟೆಯ ಬುಡದ ಕ್ರಿಕೆಟ್ ಮೈದಾನ ಹಾಳಾಯಿತು. ಕೊಲಂಬೊದಿಂದ ಬರುತ್ತಿದ್ದ ರೈಲು ಪೆರಲಿಯದಲ್ಲಿ ಸಿಕ್ಕಿಬಿದ್ದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗೋಡೆಯ ಒಳಗಿದ್ದ ಓಣಿಗಳು ಬಹುಮಟ್ಟಿಗೆ ಉಳಿದವು. ಕೊತ್ತಲದ ಮೇಲೆ ನಿಂತು ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹಂಚಿನ ಮಾಡುಗಳು ನೋಡಿದರೆ ಆ ಬೆಳಿಗ್ಗೆಯ ಗೆರೆ ಎಲ್ಲಿತ್ತು ಎಂದು ಕಣ್ಣಿಗೆ ಕಟ್ಟುತ್ತದೆ. ಮೂರು ವರ್ಷಕ್ಕೆ ಮೈದಾನ ಎದ್ದು ನಿಂತಿತು. 2010ರ ಜುಲೈನಲ್ಲಿ ಮುತ್ತಯ್ಯ ಮುರಳೀಧರನ್ ಭಾರತದ ಪ್ರಜ್ಞಾನ್ ಓಝಾ ಅವರನ್ನು ಔಟ್ ಮಾಡಿ 800ನೇ ಟೆಸ್ಟ್ ವಿಕೆಟ್ ಪಡೆದದ್ದು ಇಲ್ಲೇ. ನಮ್ಮ ದ್ರಾವಿಡ್ ಆ ಪಂದ್ಯದಲ್ಲಿ ಆಡಿದ್ದರು. ಟಿಕೆಟ್ ಸಿಗದವರು ಇದೇ ಕೋಟೆ ಗೋಡೆಯ ಮೇಲೆ ಕೂತು ಪಂದ್ಯ ನೋಡುತ್ತಾರೆ. ಇಷ್ಟು ಹಳೆಯ ಗ್ಯಾಲರಿ ಕ್ರಿಕೆಟ್ಟಿಗೆ ಬೇರೆಲ್ಲಿದೆ?

ಒಳಗಿನ ಓಣಿಗಳಲ್ಲಿ ಡಚ್ಚರ 1755ರ ಚರ್ಚಿದೆ. ನೆಲಕ್ಕೆ ಹಾಸಿರುವುದು ಸಮಾಧಿಯ ಕಲ್ಲುಗಳು. ತಲೆಬುರುಡೆ, ಮರಳುಗಡಿಯಾರಗಳ ಕೆತ್ತನೆ ತುಳಿಯದೆ ಹೆಜ್ಜೆ ಇಡಲು ಜಾಗವಿಲ್ಲ. ದೀಪಸ್ತಂಭದ ಎದುರಿಗೆ ಮೀರಾನ್ ಮಸೀದಿ, ಹೊರಗಿನಿಂದ ನೋಡಿದವರು ಚರ್ಚು ಎಂದೇ ತಿಳಿಯುವಂಥ ಕಟ್ಟಡ. ಕೊಲ್ಲಿಯ ಆಚೆ ರುಮಸ್ಸಲ ಗುಡ್ಡ. ಸಂಜೀವಿನಿ ಪರ್ವತ ಹೊತ್ತು ಹಾರುವಾಗ ಹನುಮಂತ ಬೀಳಿಸಿದ ತುಣುಕು ಅದು ಎಂದು ಅಲ್ಲಿಯವರು ಹೇಳುತ್ತಾರೆ. ಒಂದೇ ಗೋಡೆಯ ಮೇಲೆ ನಿಂತು ಕತ್ತು ತಿರುಗಿಸುವಷ್ಟರಲ್ಲಿ ಇವೆಲ್ಲ ಸಿಗುತ್ತವೆ.

ಕತ್ತಲಾದ ಮೇಲೆ ಹೋಟೆಲಿಗೆ ಬಂದು ಮತ್ತೆ ಜಗಲಿಯಲ್ಲಿ ಕೂತಾಗ ಬಾವಾ ಯಾಕೆ ಇಲ್ಲಿ ಇಷ್ಟು ದಪ್ಪ ಗೋಡೆ ಎಬ್ಬಿಸಿದರು ಎಂಬುದು ನನಗೆ ಹೊಳೆಯಿತು. ಗಾಲೆಯಲ್ಲಿ ಕಡಲು ಬರೀ ಚೆಲುವಲ್ಲ. ವ್ಯಾಪಾರ, ಧರ್ಮ, ದಂಡು, ಸಾವು ಎಲ್ಲವೂ ಬಂದ ಬಾಗಿಲು ಅದು. ಅದನ್ನು ಬಾಲ್ಕನಿಯ ಅಲಂಕಾರವಾಗಿ ತೋರಿಸಿದ್ದರೆ ಊರಿಗೇ ಅವಮಾನವಾಗುತ್ತಿತ್ತು. ಅವರು ಮೊದಲು ಸದ್ದು ಕೇಳಿಸಿದರು, ನಂತರ ಯುದ್ಧ ತೋರಿಸಿದರು, ಆಮೇಲೆಯೇ ನೀರು ತೋರಿಸಿದರು. ಕೋಟೆ ಸುತ್ತಿ ಬಂದವರಿಗೆ ಆ ಕ್ರಮ ಎಷ್ಟು ಸರಿ ಎಂದು ತಿಳಿಯುತ್ತದೆ. ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಕೆಳಗಿಳಿದು ಮತ್ತೊಮ್ಮೆ ಆ ಮೆಟ್ಟಿಲು ಹತ್ತಿದೆ. ಈ ಸಲ ಬಿದ್ದವರ ಮುಖ ನೋಡಿಕೊಂಡು.

ಗಾಲೆಗೆ ಹೋಗುವವರಿಗೆ ನನ್ನದೊಂದು ಕೋರಿಕೆಯಿದೆ. ಕೊಲಂಬೊದ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. 1911ರಲ್ಲಿ ಗಾಲೆಯ ಮೋರಿಯೊಂದರ ಮೇಲೆ ಚಪ್ಪಡಿಯಾಗಿ ಬಿದ್ದಿದ್ದ ಕಲ್ಲೊಂದು ಅಲ್ಲಿದೆ. ಮೇಲ್ಭಾಗದಲ್ಲಿ ಎದುರುಬದುರಾದ ಎರಡು ಡ್ರ್ಯಾಗನ್, ಕೆಳಗೆ ಚೀನಿ, ತಮಿಳು, ಪರ್ಷಿಯನ್ ಮೂರು ಭಾಷೆಯ ಬರಹ. ಚೀನಾದ ನೌಕಾಪತಿ ಝೆಂಗ್ ಹೆ ಹಡಗಿನಲ್ಲಿ ತಂದು ನೆಡಿಸಿದ ಶಾಸನ, ತೇದಿ 1409. ಪೋರ್ಚುಗೀಸರು ಈ ಕಡಲಿಗೆ ಬರಲು ಇನ್ನೂ ಸುಮಾರು ತೊಂಬತ್ತು ವರ್ಷ ಇದ್ದ ಕಾಲ. ಚೀನಿಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ದೇವಿನುವರದ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಚೀನಾದ ಚಕ್ರವರ್ತಿ ಅರ್ಪಿಸಿದ ಕಾಣಿಕೆಗಳ ಪಟ್ಟಿ ಅದರಲ್ಲಿದೆ. ಚಿನ್ನ, ಬೆಳ್ಳಿ, ರೇಷ್ಮೆ, ಸುಗಂಧ ತೈಲ. ಮೂರು ಪಟ್ಟಿಗಳೂ ಹೆಚ್ಚುಕಡಿಮೆ ಸಮ. ಝೆಂಗ್ ಹೆ ಸಾತ್ವಿಕನೇನಲ್ಲ, ಇದೇ ದ್ವೀಪದಲ್ಲಿ ಯುದ್ಧ ಮಾಡಿ ರಾಜನೊಬ್ಬನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದವನು. ಆದರೂ ಹೊರನಾಡಿನ ಬಂದರಿಗೆ ಬರುವ ಮೊದಲು ಅಲ್ಲಿ ಯಾರು ಯಾರನ್ನು ಪೂಜಿಸುತ್ತಾರೆ ಎಂದು ವಿಚಾರಿಸಿ, ಮೂವರಿಗೂ ಒಂದೇ ತೂಕದ ಕಾಣಿಕೆ ಕಟ್ಟಿಸಿ, ಕಲ್ಲನ್ನು ಚೀನಾದಲ್ಲೇ ಕೆತ್ತಿಸಿ ತಂದಿದ್ದ. ಪರ್ಷಿಯನ್ ಭಾಗ ಬಹಳ ಸವೆದಿದೆ. ತಮಿಳು ಬಲ್ಲವರು ಜೊತೆಗಿದ್ದರೆ ಎಡಗಡೆ ಮೇಲಿನ ಸಾಲುಗಳನ್ನು ಓದಿಸಿ ಕೇಳಿ.