ಮೊಮ್ಮಗಳ ಬಡ್ತಿ

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಗುಮಾಸ್ತನಾಗಿಯೇ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ನನ್ನ ಸ್ಕೂಟರ್ ಯಾವತ್ತೂ ಗಂಟೆಗೆ 40 ಕಿಲೋಮೀಟರ್ ದಾಟಿದ್ದಿಲ್ಲ. ಹಿಂದೆ ಕೂತ ನಮ್ಮಾಕೆ, "ಪಾಪ, ಆ ಸೈಕಲ್ಲಿನವನಿಗೆ ದಾರಿ ಬಿಡಿ, ಅವಸರದಲ್ಲಿದ್ದಾನೆ" ಎಂದು ತಮಾಷೆ ಮಾಡುತ್ತಿದ್ದಳು. ಇಂಥವನು 74ನೆಯ ವಯಸ್ಸಿನಲ್ಲಿ, ಭಾನುವಾರ ಬೆಳಿಗ್ಗೆ ಕಿವಿಗೆ ಹತ್ತಿ ತುರುಕಿಕೊಂಡು, ರೇಸ್ ಟ್ರ್ಯಾಕಿನ ಬೇಲಿ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತೇನೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಕಾರಣ ನನ್ನ ಮೊಮ್ಮಗಳು. ಮಗಳ ಮಗಳು. ಅವಳ 9ನೆಯ ಹುಟ್ಟುಹಬ್ಬಕ್ಕೆ ಅಳಿಯ ಅವಳನ್ನು ಬೆಂಗಳೂರಿನ ಹೊರವಲಯದ ಕಾರ್ಟ್ ಟ್ರ್ಯಾಕಿಗೆ ಕರೆದುಕೊಂಡು ಹೋದ. ಬಾಡಿಗೆ ಕಾರ್ಟಿನಲ್ಲಿ 10 ನಿಮಿಷ ಓಡಿಸಿದಳು. ಇಳಿದು ಹೆಲ್ಮೆಟ್ ತೆಗೆದವಳು ಕೇಳಿದ ಮೊದಲ ಮಾತು, "ಇನ್ನೊಂದ್ಸಲ?" ಆ ಇನ್ನೊಂದು ಸಲ ಇವತ್ತಿಗೂ ಮುಗಿದಿಲ್ಲ.

ಕಾರ್ಟ್ ಅಂದರೇನೆಂದು ಗೊತ್ತಿಲ್ಲದ ನನ್ನ ಓರಗೆಯವರಿಗಾಗಿ ಎರಡು ಮಾತು. ನೆಲಕ್ಕೆ ಅಂಟಿದಂತಿರುವ ಒಂದು ಪುಟ್ಟ ಗಾಡಿ. ಕಬ್ಬಿಣದ ಕೊಳವೆಗಳ ಚೌಕಟ್ಟು, ನಾಲ್ಕು ಗಿಡ್ಡ ಚಕ್ರ, ಪಕ್ಕದಲ್ಲಿ ಎಂಜಿನ್. ಮೇಲೆ ಚಾವಣಿ ಇಲ್ಲ, ಸೀಟ್ ಬೆಲ್ಟ್ ಇಲ್ಲ, ಕುಲುಕಾಟ ತಡೆಯುವ ಸ್ಪ್ರಿಂಗೂ ಇಲ್ಲ. ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬ ರೇಸ್ ಕಾರು ತಯಾರಕ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಜೋಡಿಸಿ ಮೊದಲ ಕಾರ್ಟ್ ಮಾಡಿದನಂತೆ. ಇವತ್ತು ಫಾರ್ಮುಲಾ ಒನ್ ಓಡಿಸುವವರಲ್ಲಿ ಬಹುಪಾಲು ಎಲ್ಲರೂ ಬಾಲ್ಯದಲ್ಲಿ ಕಾರ್ಟ್ ಓಡಿಸಿದವರೇ. ಲೂಯಿಸ್ ಹ್ಯಾಮಿಲ್ಟನ್ ಶುರು ಮಾಡಿದ್ದು 8ನೆಯ ವಯಸ್ಸಿನಲ್ಲಿ. ನಮ್ಮ ಬೆಂಗಳೂರಿನ ಮೈನಿ ಸಹೋದರರು, ಅರ್ಜುನ್ ಮತ್ತು ಕುಶ್, ಕಾರ್ಟಿನಿಂದಲೇ ಮೇಲೆ ಬಂದವರು. ಮಕ್ಕಳೇ, ಒಂದು ಮಾತು ನೆನಪಿಡಿ. ಇದು ಬೇಲಿ ಹಾಕಿದ ಟ್ರ್ಯಾಕಿನ ಆಟ. ಹೆಲ್ಮೆಟ್, ಕೈಗವಸು, ದಪ್ಪ ಅಂಗಿ, ಪಕ್ಕೆಲುಬಿನ ಕವಚ ಹಾಕಿಕೊಂಡು, ಬಾವುಟ ಹಿಡಿದ ದೊಡ್ಡವರ ಕಣ್ಣೆದುರಿಗೆ ಆಡುವಂಥದ್ದು. ಬೀದಿಯಲ್ಲಿ ಅಪ್ಪನ ಸ್ಕೂಟರ್ ಮುಟ್ಟುವುದಕ್ಕೆ ಇದು ಪರವಾನಗಿ ಅಲ್ಲ.

ಈ ಆಟದಲ್ಲಿ ಶಾಲೆಯ ಹಾಗೆ ತರಗತಿಗಳಿವೆ. ಹೆಚ್ಚು ಬಳಕೆಯಲ್ಲಿರುವ ರೋಟ್ಯಾಕ್ಸ್ ಎಂಜಿನ್ನಿನ ಪದ್ಧತಿಯಲ್ಲಿ ಮೈಕ್ರೋ, ಮಿನಿ, ಜೂನಿಯರ್, ಸೀನಿಯರ್ ಎಂದು ಮೆಟ್ಟಿಲುಗಳು. ನನಗೆ ಬಹಳ ಹಿಡಿಸಿದ ಸಂಗತಿ ಏನೆಂದರೆ, ಎಲ್ಲದರಲ್ಲೂ ಎಂಜಿನ್ನಿನ ಗಾತ್ರ ಒಂದೇ, 125 ಸಿ.ಸಿ. ಪುಟ್ಟ ಮಕ್ಕಳಿಗೆ ಕೊಡುವಾಗ ಹೊಗೆ ಹೋಗುವ ದಾರಿಯನ್ನು ಕಿರಿದು ಮಾಡಿ ಅದರ ಶಕ್ತಿಯನ್ನು ಕಟ್ಟಿಹಾಕುತ್ತಾರೆ. ಮೇಲಿನ ತರಗತಿಗೆ ಹೋದಂತೆ ಕಟ್ಟು ಸಡಿಲವಾಗುತ್ತದೆ. ಜೂನಿಯರ್‌ನಲ್ಲಿ ಸುಮಾರು 23 ಅಶ್ವಶಕ್ತಿ, ಸೀನಿಯರ್‌ನಲ್ಲಿ ಸುಮಾರು 30. ನಮ್ಮ ಬೀದಿಯಲ್ಲಿ ಓಡಾಡುವ ಮಾಮೂಲಿ ಸ್ಕೂಟರಿಗೆ 8ರ ಆಸುಪಾಸು. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಯಿತು. ನಮ್ಮಲ್ಲೂ ಅಷ್ಟೇ. ಮನುಷ್ಯ ಒಬ್ಬನೇ, ಇಷ್ಟು ಮೊತ್ತದವರೆಗೆ ಮಾತ್ರ ಸಹಿ ಹಾಕು ಎಂಬ ಮಿತಿ ಹುದ್ದೆಯಿಂದ ಹುದ್ದೆಗೆ ಬದಲಾಗುತ್ತದೆ.

ಗಾಡಿ ಮುಟ್ಟಲು ಬಾರದ ನನಗೆ ಅಳಿಯ ಒಂದು ಕೆಲಸ ಕೊಟ್ಟ. "ಮಾವ, ನೀವು ಲೆಕ್ಕ ಬರೀರಿ." ಒಂದು ಉದ್ದನೆಯ ಲೆಡ್ಜರ್ ತಂದು ಗೀಟು ಎಳೆದೆ. ದಿನಾಂಕ, ಬಿಸಿಲೋ ಮೋಡವೋ, ಟೈರು ಹೊಸದೋ ಹಳೆಯದೋ, ಅತಿ ವೇಗದ ಸುತ್ತಿಗೆ ಎಷ್ಟು ಸೆಕೆಂಡು, ಎಷ್ಟನೆಯ ಸ್ಥಾನ. ಪ್ರತಿ ಭಾನುವಾರ ಒಂದು ಸಾಲು. ಇಷ್ಟು ಮುದ್ದಾದ ಅಕ್ಷರದ ರೇಸ್ ಪುಸ್ತಕ ಬೇರೆಲ್ಲೂ ಇರಲಾರದು.

ಮೂರು ವರ್ಷದಲ್ಲಿ ಹುಡುಗಿ ತನ್ನ ಚಿಕ್ಕವರ ತರಗತಿಯಲ್ಲಿ ಗೆಲ್ಲತೊಡಗಿದಳು. ಟಿವಿ ಪಕ್ಕದ ಗೂಡಿನಲ್ಲಿದ್ದ ಗೌರಿ-ಗಣೇಶ ಬೊಂಬೆಗಳು ಕಪ್ಪುಗಳಿಗೆ ಜಾಗ ಬಿಟ್ಟುಕೊಟ್ಟವು. ಆಗ ಅವಳಿಗೆ 12 ದಾಟಿತ್ತು. ಆ ವಯಸ್ಸಿನಲ್ಲಿ ಕೆಳಗಿನ ತರಗತಿಯ ಬಾಗಿಲೂ ಮುಚ್ಚಿರುವುದಿಲ್ಲ, ಮೇಲಿನದೂ ತೆರೆದಿರುತ್ತದೆ. ಕೋಚ್ ಒಂದು ದಿನ, "ಇವಳನ್ನ ಜೂನಿಯರ್‌ಗೆ ಹಾಕಬಹುದು ಸಾರ್" ಎಂದರು.

ಅಂದು ರಾತ್ರಿ ಊಟದ ನಂತರ ಮನೆಯಲ್ಲಿ ಸಭೆ ಸೇರಿತು. ಮೇಲೆ ಹೋದರೆ ದೊಡ್ಡ ಚೌಕಟ್ಟು, ಹೊಸ ಸೀಟು, ಬೇರೆ ಟೈರು, ಎಲ್ಲಕ್ಕೂ ದುಡ್ಡು. ಮಗಳಿಗೆ ಭಯ. ಅಳಿಯನಿಗೆ ಆಸೆ. ಮೊಮ್ಮಗಳು ಮಾತ್ರ ಸುಮ್ಮನೆ ಚಾಪೆಯ ಅಂಚಿನ ನೂಲು ಕೀಳುತ್ತಿದ್ದಳು. ಕೊನೆಗೆ, "ಇಲ್ಲೇ ಇದ್ರೆ ನಾನೇ ಫಸ್ಟು. ಅಲ್ಲಿಗೆ ಹೋದ್ರೆ ಲಾಸ್ಟು. ತಾತ, ನೀನು ಹೇಳು" ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, "ಇನ್ನೊಂದು ವರ್ಷ ಇಲ್ಲೇ ಇರಲಿ. ಅವಸರ ಏನು? ಗೆಲ್ಲೋ ಜಾಗ ಬಿಟ್ಟು ಸೋಲೋ ಜಾಗಕ್ಕೆ ಯಾರು ಹೋಗ್ತಾರೆ?" ಎಂದೆ. ಹಿರಿಯರ ಮಾತು. ಸಭೆ ಮುಗಿಯಿತು.

ಆರು ತಿಂಗಳು ಕಳೆಯಿತು. ಕಪ್ಪುಗಳು ಬರುತ್ತಲೇ ಇದ್ದವು. ಒಂದು ರಾತ್ರಿ ನಿದ್ದೆ ಬಾರದೆ, ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುತ್ತಿದ್ದ ಅಭ್ಯಾಸಬಲದಿಂದ, ಲೆಡ್ಜರ್ ತೆರೆದು ಕೂತೆ. ಸ್ಥಾನದ ಅಂಕಣದಲ್ಲಿ ಬೆರಳು ಓಡಿಸಿದೆ: 1, 1, 2, 1, 1. ಸಂತೋಷವಾಯಿತು. ಪಕ್ಕದ ಸೆಕೆಂಡುಗಳ ಅಂಕಣಕ್ಕೆ ಬಂದೆ. ಬೆರಳು ನಿಂತಿತು. ಆರು ತಿಂಗಳ ಹಿಂದೆ ಹಳೆಯ ಟೈರಿನಲ್ಲಿ ಓಡಿಸಿದ್ದಕ್ಕಿಂತ ಈಗ ಹೊಸ ಟೈರಿನಲ್ಲಿ ಒಂದು ಸುತ್ತಿಗೆ ಹೆಚ್ಚು ಸಮಯ ತೆಗೆದುಕೊಳ್ಳುತ್ತಿದ್ದಳು! ಬಿಸಿಲು, ಮೋಡ ಎಲ್ಲ ಹೋಲಿಸಿ ನೋಡಿದೆ. ಲೆಕ್ಕ ತಪ್ಪಿರಲಿಲ್ಲ. ಗೆಲ್ಲುತ್ತಾ ಗೆಲ್ಲುತ್ತಾ ಹುಡುಗಿ ನಿಧಾನವಾಗುತ್ತಿದ್ದಳು.

ಮರುದಿನ ಸ್ಕೂಲಿನಿಂದ ಬಂದವಳಿಗೆ ತೋರಿಸಿದೆ. ನೋಡಿದಳು. "ಹಿಂದೆ ಹತ್ತಿರದಲ್ಲಿ ಯಾರೂ ಇರಲ್ಲ ತಾತ. ಮತ್ತೆ ಯಾಕೆ ಜೋರಾಗಿ ಓಡಿಸ್ಬೇಕು?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮೊಣಕಾಲು ಸ್ಟೀರಿಂಗಿಗೆ ತಾಗತ್ತೆ" ಎಂದಳು. ಬೆಳೆದ ಮಗುವನ್ನು ಹಳೆಯ ಯೂನಿಫಾರ್ಮಿನಲ್ಲೇ ತುರುಕಿದ್ದೆವು. ಆಗಲೇ ಹೊಳೆದದ್ದು, ಅವಳ ಬಾಯಲ್ಲಿ "ಇನ್ನೊಂದ್ಸಲ" ಎಂಬ ಮಾತು ಕೇಳಿ ಎಷ್ಟೋ ತಿಂಗಳಾಗಿತ್ತು.

ಅವಳು ಲೆಡ್ಜರ್ ಮುಚ್ಚಿ ಇದ್ದಕ್ಕಿದ್ದಂತೆ ಕೇಳಿದಳು, "ತಾತ, ನೀನ್ಯಾಕೆ ಆಫೀಸರ್ ಆಗ್ಲಿಲ್ಲ?"

ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಬಡ್ತಿ ತೆಗೆದುಕೊಂಡರೆ ದೂರದ ಊರಿಗೆ ವರ್ಗ ಮಾಡುತ್ತಿದ್ದರು, ನಮ್ಮ ಅಮ್ಮನಿಗೆ ಹುಷಾರಿರಲಿಲ್ಲ. ನೆಂಟರಿಗೆ, ಸಹೋದ್ಯೋಗಿಗಳಿಗೆ, ಬೀಗರಿಗೆ ಎಲ್ಲರಿಗೂ ಇದನ್ನೇ ಹೇಳಿದ್ದೆ. ಬಾಯಿ ತೆರೆದೆ. ಎದುರಿಗೆ ಆ ಸೆಕೆಂಡುಗಳ ಪುಸ್ತಕವಿತ್ತು. ಅದರ ಮುಂದೆ ಕೂತು ಸುಳ್ಳು ಹೇಳಲಾಗಲಿಲ್ಲ.

"ಹೆದರಿಕೆ ಕಣಮ್ಮ" ಎಂದೆ. "ಗುಮಾಸ್ತ ಬರೆದದ್ದನ್ನ ಮೇಲಿನವರು ನೋಡಿ ಸಹಿ ಹಾಕ್ತಾರೆ. ತಪ್ಪಿದ್ರೆ ಅವರು ಹಿಡೀತಾರೆ. ಆಫೀಸರ್ ಆದ್ರೆ ಕೊನೇ ಸಹಿ ನಂದು. ತಪ್ಪಾದ್ರೆ ಹಿಡಿಯೋರು ಯಾರು ಅಂತ ಹೆದರಿಕೆ. ಮೂರು ಸಲ ಪರೀಕ್ಷೆಗೆ ಅರ್ಜಿ ತುಂಬಿದೆ. ಮೂರು ಸಲಾನೂ ಡ್ರಾಯರಿನಲ್ಲೇ ಇಟ್ಟೆ. ಅಮ್ಮ ಪಾಪ, 'ಹೋಗಪ್ಪಾ, ನಾನೂ ಜೊತೆಗೆ ಬರ್ತೀನಿ' ಅಂದಿದ್ಲು. ನಾನು ಅವಳ ಹೆಸರು ಹೇಳಿ ತಪ್ಪಿಸ್ಕೊಂಡೆ."

ಅಡುಗೆಮನೆಯಿಂದ ನಮ್ಮಾಕೆಯ ಧ್ವನಿ ಬಂತು. "ನಂಗೆ ಗೊತ್ತಿತ್ತು ಬಿಡಿ."

ಗುಮಾಸ್ತನಾಗಿ ಉಳಿದದ್ದಕ್ಕೆ ನನಗೆ ನಾಚಿಕೆಯಿಲ್ಲ. ಕೌಂಟರಿನ ಈಚೆ ಕೂತು ಪಿಂಚಣಿ ಪಡೆಯುವ ಅಜ್ಜಿಯರಿಗೆ ಫಾರಂ ತುಂಬಿಕೊಟ್ಟ ಬದುಕು ಚೆನ್ನಾಗಿಯೇ ಇತ್ತು. ಇಷ್ಟಪಟ್ಟು ಉಳಿದಿದ್ದರೆ ಮಾತೇ ಇರಲಿಲ್ಲ. ಹೆದರಿ ಉಳಿದು, ಅದಕ್ಕೆ ಅಮ್ಮನ ಹೆಸರಿಟ್ಟೆನಲ್ಲ, ಅದು ಚುಚ್ಚುತ್ತದೆ. ಅದೇ ಹೆದರಿಕೆಯನ್ನು ಆ ರಾತ್ರಿ 'ಅವಸರ ಏನು' ಎಂಬ ಬುದ್ಧಿಮಾತಿನಲ್ಲಿ ಸುತ್ತಿ ಮೊಮ್ಮಗಳ ಕೈಗೂ ಕೊಟ್ಟಿದ್ದೆ. "ನನ್ನ ಮಾತು ವಾಪಸ್ ತಗೋತೀನಿ. ಇರ್ತೀಯೋ ಹೋಗ್ತೀಯೋ ನೀನೇ ಹೇಳು. ಆದ್ರೆ ಯಾಕೆ ಅನ್ನೋದನ್ನ ನಿಜ ಹೇಳ್ಬೇಕು" ಎಂದೆ.

ಅವಳು ಎರಡು ದಿನ ಯೋಚಿಸಿದಳು. ಮೂರನೆಯ ದಿನ, "ಹೆದರಿಕೆ ಆಗತ್ತೆ. ಆದ್ರೂ ಹೋಗ್ತೀನಿ" ಎಂದಳು.

ಮೇಲಿನ ತರಗತಿಯ ಗಾಡಿ ತನ್ನ ಪಾಠ ಶುರು ಮಾಡಿತು. ಕೆಳಗಿನ ತರಗತಿಯಲ್ಲಿ ಬ್ರೇಕಿಗೆ ಹೆಚ್ಚು ಕೆಲಸವಿಲ್ಲ. ಎಂಜಿನ್ನಿಗೆ ಬಲ ಕಡಿಮೆ, ಆದ್ದರಿಂದ ಒಮ್ಮೆ ಕಳೆದ ವೇಗ ಮತ್ತೆ ಬರಲು ಬಹಳ ಹೊತ್ತು. ಚಿಕ್ಕ ಸಂಬಳದವನು ತಿಂಗಳು ದಾಟಿಸುವ ಹಾಗೆ, ಇದ್ದ ವೇಗವನ್ನು ಉಳಿಸಿಕೊಂಡು ತಿರುವಿನಲ್ಲಿ ನಯವಾಗಿ ಹೊರಳಬೇಕು. ಮೇಲೆ ಹೋದಾಗ ಸಂಬಳ ಜಾಸ್ತಿ, ಖರ್ಚೂ ಜಾಸ್ತಿ. ಮಕ್ಕಳೇ, ಈ ಲೆಕ್ಕ ನೀವೇ ಮಾಡಿ ನೋಡಿ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 90 ಕಿ.ಮೀ. ಅಂದರೆ 25 ಮೀಟರ್. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಮಾತ್ರ ಎರಡೂಕಾಲು ಪಟ್ಟು!

ಇನ್ನೊಂದು ತೊಡಕು. ಅವಳ ಗಾಡಿಯಲ್ಲಿ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಸ್ಟೀರಿಂಗ್ ನೆಟ್ಟಗಿರುವಾಗಲೇ ಒತ್ತಿ ಮುಗಿಸಬೇಕು. ತಿರುಗಿಸುತ್ತಾ ಜೋರಾಗಿ ಒತ್ತಿದರೆ ಹಿಂಭಾಗ ಜಾರಿ ಗಾಡಿ ಬುಗುರಿಯಾಗುತ್ತದೆ. ಮೊದಲ ಅಭ್ಯಾಸದ ದಿನ ಅವಳು ಹಳೆಯ ರೂಢಿಯಲ್ಲೇ ತಿರುವಿನೊಳಗೆ ಬ್ರೇಕ್ ಒತ್ತಿದಳು. ಗಾಡಿ ಒಂದೂವರೆ ಸುತ್ತು ತಿರುಗಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಹಳದಿ ಬಾವುಟ ಹಾರಿತು. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು; ನಿಲ್ಲಿಸಲು ಮರೆತಿದ್ದೆ. ಅವಳು ಕೈ ಎತ್ತಿ ತೋರಿಸಿದ ಮೇಲೆ ನನಗೆ ಉಸಿರು ಬಂತು.

ಒಳಗೆ ಬಂದಾಗ ಬೆರಳುಗಳು ನಡುಗುತ್ತಿದ್ದವು. ಹೆದರಿಕೆಗಷ್ಟೇ ಅಲ್ಲ, ಸ್ಟೀರಿಂಗ್ ಎಳೆದೆಳೆದು ತೋಳು ಸೋತಿತ್ತು. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಆಗಲಿಲ್ಲ, ನಾನು ತೆಗೆದುಕೊಟ್ಟೆ. ಮೆಕ್ಯಾನಿಕ್ ಹುಡುಗ ಸೀಟಿಗೆ ಸೀಸದ ತುಂಡು ಬೋಲ್ಟ್ ಮಾಡುತ್ತಿದ್ದ. ಗಾಡಿ, ಸವಾರರು ಸೇರಿ ಇಷ್ಟು ಕಿಲೋ ಇರಲೇಬೇಕೆಂಬ ನಿಯಮ. ಸಣಕಲು ಮಕ್ಕಳು ತೂಕ ಹೊತ್ತೇ ಓಡಬೇಕು. "ಮನೆಗೆ ಹೋಗೋಣ್ವಾ?" ಎಂದು ಮಗಳು ಕೇಳಿದಳು. ಮೊಮ್ಮಗಳು ಅರ್ಧ ಬಾಟಲಿ ನೀರು ಕುಡಿದಳು. ಟ್ರ್ಯಾಕಿನ ಕಡೆ ನೋಡಿದಳು.

"ಇನ್ನೊಂದ್ಸಲ" ಎಂದಳು.

ಎರಡು ತಿಂಗಳ ಅಭ್ಯಾಸದ ಮೇಲೆ ಮೊದಲ ರೇಸ್. 12 ಮಕ್ಕಳು. ನಡುವೆ ಒಮ್ಮೆ ಅವಳಿಗೆ ನೀಲಿ ಬಾವುಟ ತೋರಿಸಿದರು. ವೇಗದವರು ಒಂದು ಸುತ್ತು ಹೆಚ್ಚು ಓಡಿ ಹಿಂದಿನಿಂದ ಬರುತ್ತಿದ್ದಾರೆ, ದಾರಿ ಬಿಡು ಎಂದರ್ಥ. ನಮ್ಮಾಕೆಯ ಸೈಕಲ್ಲಿನವನ ಮಾತು ನೆನಪಾಗಿ ನಗು ಬಂತು, ಕಣ್ಣೂ ಒದ್ದೆಯಾಯಿತು. ಅವಳು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಮೇಲೆ ಆ ಮುಂದಿನ ಗಾಡಿ ಎಲ್ಲಿ ಬ್ರೇಕ್ ಒತ್ತುತ್ತದೆಂದು ನೋಡುತ್ತಾ ಅದರ ಹಿಂದೆಯೇ ಎರಡು ತಿರುವು ಅಂಟಿಕೊಂಡು ಹೋದಳು. ನಮ್ಮ ಹುಡುಗಿ ಮುಗಿಸಿದ್ದು 11ನೆಯವಳಾಗಿ.

ಕಪ್ಪಿಲ್ಲ, ಸರ್ಟಿಫಿಕೇಟಿಲ್ಲ. ಬರುವಾಗ ದಾರಿಯಲ್ಲಿ ಮಸಾಲೆ ದೋಸೆ ತಿಂದೆವು. ಅವಳು ಎರಡು ತಿಂದಳು.

ರಾತ್ರಿ ಲೆಡ್ಜರ್ ತೆಗೆದೆ. ಹಳೆಯ ಪುಟದಲ್ಲಿ ಇನ್ನೂ ಜಾಗವಿತ್ತು. ಆದರೂ ಹೊಸ ಪುಟ ತಿರುಗಿಸಿ ಗೀಟು ಎಳೆದೆ. ಅವಳು ಪಕ್ಕದಲ್ಲಿ ಬಂದು ಕೂತಳು. "ತಾತ, ಲಾಸ್ಟ್ ಸುತ್ತೇ ನಂದು ಎಲ್ಲಕ್ಕಿಂತ ಫಾಸ್ಟು. ಅದನ್ನ ಸರಿಯಾಗಿ ಬರಿ."

ಬರೆದೆ. ಸ್ಥಾನದ ಅಂಕಣದಲ್ಲಿ 11 ಎಂದು ತುಂಬಿದೆ. ಮೇಲೆ ತಲೆಬರಹಕ್ಕೆ ಜಾಗ ಖಾಲಿ ಇತ್ತು. ಬ್ಯಾಂಕಿನಲ್ಲಿ ಪ್ರತಿ ಹೊಸ ಪುಟದ ಮೊದಲ ಸಾಲಿನಲ್ಲಿ ಬರೆಯುತ್ತಿದ್ದ ಎರಡು ಪದ ನೆನಪಾಯಿತು. ಅದನ್ನೇ ಬರೆದೆ: ಆರಂಭದ ಶಿಲ್ಕು.

"ಹಂಗಂದ್ರೆ ಏನು?" ಎಂದಳು.

"ಇಲ್ಲಿಂದ ಲೆಕ್ಕ ಶುರು ಅಂತ" ಎಂದೆ. ಕೆಳಗೆ ಸಹಿ ಹಾಕಿ ಎಂದು ಪೆನ್ನು ನನ್ನ ಕೈಗೇ ಕೊಟ್ಟಳು. ಈ ಸಲ ಯಾರ ಮೇಲೂ ಹಾಕದೆ, ಕೊನೆಯ ಸಹಿಯನ್ನು ನಾನೇ ಹಾಕಿದೆ.