ಮಡ್ಡಿಗೆ ತಕ್ಕ ಹ್ಯಾಂಡಲ್

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಬೆಟ್ಟವೆನ್ನುವಂಥ ಬೆಟ್ಟವಿಲ್ಲದಿದ್ದರೂ, ಹರಳುಗಲ್ಲಿನ ಮೊರಂ ಮಣ್ಣು ಹಾಸಿದ ಎತ್ತರದ ಮಡ್ಡಿ, ಅದರಂಚಿನ ಇಳಿಜಾರು, ಕೆಳಗಿನ ಎರೆಹೊಲಗಳ ನಡುವಣ ಗಾಡಿಜಾಡು ಇವೆಲ್ಲ ಮೌಂಟನ್ ಬೈಕಿಗೆ, ಅಂದರೆ ಒರಟು ನೆಲಕ್ಕೆಂದೇ ರೂಪಿಸಿದ ದಪ್ಪ ಟೈರಿನ ಸೈಕಲ್ಲಿಗೆ, ಬೇಕಾದಷ್ಟು ಕೆಲಸ ಕೊಡುತ್ತವೆ. ಅಂಥ ನೆಲದಲ್ಲಿ ಸವಾರನ ಸುಖದುಃಖವನ್ನು ಬಹುಪಾಲು ನಿರ್ಧರಿಸುವುದು ಹ್ಯಾಂಡಲ್.

ಹಾಲಿನ ಕ್ಯಾನು ತೂಗಿಕೊಂಡು ಸಾಗುತ್ತಿದ್ದ ಹಳೆಯ ಕರಿಸೈಕಲ್ಲಿನ ಹ್ಯಾಂಡಲ್ ಸವಾರನತ್ತ ಬಾಗಿ ಬರುವುದರಿಂದ ಬೆನ್ನು ನೆಟ್ಟಗಿರುತ್ತದೆ, ಪೇಟೆಯ ದಾರಿಗೆ ಅದಕ್ಕಿಂತ ಸುಖವಾದುದು ಇನ್ನೂ ಹುಟ್ಟಿಲ್ಲ. ಆದರೆ ಇಳಿಜಾರಿನಲ್ಲಿ ಸೀಟುಬಿಟ್ಟು ಎದ್ದು ನಿಂತವನ ಮೊಣಕಾಲಿಗೆ ಅದೇ ಅಡ್ಡಿ. ನೇರ ಕೊಳವೆಯಂಥ ಫ್ಲಾಟ್ ಬಾರ್ ಮೈಯನ್ನು ಮುಂದಕ್ಕೆ ಬಗ್ಗಿಸಿ, ಏರಿನಲ್ಲಿ ಮುಂದಿನ ಗಾಲಿ ಎದ್ದೇಳದಂತೆ ತಡೆಯುತ್ತದೆ. ನಡುವಿನಿಂದ 15ರಿಂದ 40 ಮಿ.ಮೀ.ವರೆಗೆ ಮೇಲೆದ್ದು ಎರಡೂ ಕಡೆ ಚಾಚುವ ರೈಸರ್ ಬಾರ್ ಇಳಿಯುವವನ ಎದೆಯನ್ನು ಎತ್ತಿಹಿಡಿದು ಧೈರ್ಯ ಕೊಡುತ್ತದೆ. ಮೊರಂ ಹರಳು ಗಾಲಿಯಡಿ ಉರುಳುವ ಈ ಸೀಮೆಗೆ ಒಪ್ಪುವುದು ಇದೇ.

ಅಗಲದ ಮಾತು ಇನ್ನೂ ಸ್ವಾರಸ್ಯಕರ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ಸೈಕಲ್ಲುಗಳನ್ನೇ ದುರಸ್ತಿ ಮಾಡಿಕೊಂಡು ಗುಡ್ಡ ಇಳಿದವರ ಹ್ಯಾಂಡಲ್ ಅಗಲವಾಗಿಯೇ ಇತ್ತು. 1990ರ ದಶಕದಲ್ಲಿ ಪಂದ್ಯದ ಹುಚ್ಚಿಗೆ ಅದು 580 ಮಿ.ಮೀ. ಆಸುಪಾಸಿಗೆ ಕುಗ್ಗಿ, ಈಗ ಮತ್ತೆ 760, 800ಕ್ಕೆ ಬೆಳೆದಿದೆ. ಸನ್ನೆಗೋಲು ಉದ್ದವಾದಷ್ಟೂ ಬಲ ಕಡಿಮೆ ಸಾಕೆಂಬ ನಿಯಮವೇ ಇಲ್ಲಿಯೂ ನಡೆಯುವುದರಿಂದ, ಕಲ್ಲಿಗೆ ತಾಗಿ ತಿರುಗಲು ಹವಣಿಸುವ ಗಾಲಿಯನ್ನು ಅಗಲ ಹ್ಯಾಂಡಲ್ ಸುಲಭವಾಗಿ ಹತೋಟಿಯಲ್ಲಿಡುತ್ತದೆ. ಆದರೆ ಕಬ್ಬು ಎದೆಯೆತ್ತರ ಬೆಳೆದು ಜಾಡಿನ ಮೇಲೆ ಬಾಗಿದಾಗ, ಬದುವಿನ ಜಾಲಿಮುಳ್ಳು ಬೆರಳನ್ನು ಹುಡುಕಿಕೊಂಡು ಬಂದಾಗ, ಅದೇ 800 ಮಿ.ಮೀ. ಶಾಪವಾಗುತ್ತದೆ. ಭುಜ ಕಿರಿದಾದವರಿಗೆ ಮಣಿಕಟ್ಟಿನ ನೋವೂ ಬಂದೀತು.

ಹಿಡಿಗಳು ಹಿಂದಕ್ಕೆ ಬಾಗಿರುವ ಕೋನ, ಅಂದರೆ ಬ್ಯಾಕ್‌ಸ್ವೀಪ್, ಸಾಮಾನ್ಯವಾಗಿ 7ರಿಂದ 9 ಡಿಗ್ರಿ ಇರುತ್ತದೆ. ಹ್ಯಾಂಡಲ್ಲನ್ನು ಕಚ್ಚಿಹಿಡಿಯುವ ಸ್ಟೆಮ್ಮಿನ ಅಳತೆ 31.8 ಮಿ.ಮೀ.ಯೋ 35 ಮಿ.ಮೀ.ಯೋ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳದಿದ್ದರೆ ಹೊಸ ಹ್ಯಾಂಡಲ್ ಮೂಲೆ ಸೇರುತ್ತದೆ.

ಅಗಲ ವರವೂ ಶಾಪವೂ ಆಗಬಲ್ಲುದರಿಂದ, ಮೊದಲು ಅಗಲವಾದ ಅಲ್ಯೂಮಿನಿಯಂ ರೈಸರನ್ನೇ ಕೊಂಡು, ಹಿಡಿ ಮತ್ತು ಬ್ರೇಕ್ ಲಿವರುಗಳನ್ನು ಬೆರಳಗಲದಷ್ಟು ಒಳಕ್ಕೆ ಸರಿಸಿ ವಾರವೊಂದು ತುಳಿದು ನೋಡಿದ ಮೇಲೆಯೇ ತುದಿಗೆ ಗರಗಸ ಹಚ್ಚಬೇಕು. ಕತ್ತರಿಸಿದ ತುದಿಯನ್ನು ಯಾವ ಸೈಕಲ್ ಅಂಗಡಿಯವನೂ ಮರಳಿ ಬೆಸೆದುಕೊಡಲಾರ.