ಕಟ್ ಇಲ್ಲದ ಡಬಲ್ ರೋಲ್!

ಡಬಲ್ ರೋಲ್ ಅಂದ್ರೆ ಸಿನಿಮಾದ್ದೇ ಅನ್ನುವ ಗೆಳೆಯರೇ, ಸ್ವಲ್ಪ ಇಲ್ಲಿ ಕೇಳಿ. ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಒಂದು ವರ್ಷಕ್ಕೆ ನಾವು ಆಡಿದ್ದು ಮೂರು ನಾಟಕ. ‘ತುಘಲಕ್’ನಲ್ಲಿ ನಾನು ಈಟಿ ಹಿಡಿದು ನಿಂತೆ. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಹಿಮ್ಮೇಳಕ್ಕೆ ದನಿಗೂಡಿಸಿದೆ. ಕೊನೆಯದು ‘ನಾಗಮಂಡಲ’. 1987-88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಕಾರ್ನಾಡರು ಬರೆದದ್ದು, ಕಥೆ ಎ.ಕೆ. ರಾಮಾನುಜನ್ ಅವರಿಂದ ಕೇಳಿದ್ದು.

ಅದರಲ್ಲಿ ನಾನೇ ಅಪ್ಪಣ್ಣ, ನಾನೇ ನಾಗ! ಹೆಂಡತಿ ರಾಣಿಯನ್ನು ಒಳಗಿಟ್ಟು ಬೀಗ ಜಡಿದು ಹೋಗುವ ಗಂಡ ಒಬ್ಬ. ರಾತ್ರಿ ಅವನದೇ ರೂಪ ತಾಳಿ ಬಂದು ಅವಳಿಗೆ ಪ್ರೀತಿ ಕೊಡುವ ಹಾವು ಇನ್ನೊಬ್ಬ.

1997ರಲ್ಲಿ ನಾಗಾಭರಣರ ಚಿತ್ರದಲ್ಲಿ ಪ್ರಕಾಶ್ ರೈ ಮಾಡಿದ್ದೂ ಇದನ್ನೇ. ಆದರೆ ಎರಡು ಶಾಟ್ ನಡುವೆ ಕ್ಯಾಮರಾ ನಟನಿಗೆ ಉಸಿರಾಡಲು ಬಿಡುತ್ತೆ. ರಂಗದ ಮೇಲೆ ಕಟ್ ಇಲ್ಲ, ರೀಟೇಕ್ ಇಲ್ಲ, ಕ್ಲೋಸಪ್ಪೂ ಇಲ್ಲ. ನಡಿಗೆಯಲ್ಲೇ, ದನಿಯಲ್ಲೇ ಆಳು ಬದಲಾಗಬೇಕು. ಅದು ಕೊನೇ ಸಾಲಿಗೂ ಗೊತ್ತಾಗಬೇಕು.

“ಒಂದೇ ವರ್ಷ, ಆಮೇಲೆ ಅಂಗಡಿಗೆ ಬಾ” ಅಂದಿದ್ದ ಅಪ್ಪ ಅವತ್ತು ಕೂತದ್ದು ಆ ಕೊನೇ ಸಾಲಲ್ಲೇ. ಆಟ ಮುಗಿದ ಮೇಲೆ ಕೇಳಿದರು: “ಬೀಗ ಹಾಕ್ತಿದ್ದವ ನೀನು. ರಾತ್ರಿ ಬರ್ತಿದ್ದವ ಯಾರೋ?”

“ಅವನೂ ನಾನೇ ಅಪ್ಪ” ಅಂದೆ.

ಅಂಗಡಿ ಮಾತು ಮತ್ತೆ ಬರಲಿಲ್ಲ.